ಎಡಿನ್‌ಬರ್ಗ್‌ನ 281 ಹಿರಿಯರು: ಎಂದೋ ಉಳಿಸಿದ ಉದ್ಯಾನ, ಎಪ್ಪತ್ತಾರರ ಮಿದುಳು

ಮನೆಯ ಹತ್ತಿರ ಉದ್ಯಾನವಿದ್ದರೆ ವಯಸ್ಸಾದವರ ಮಿದುಳು ಚೆನ್ನಾಗಿರುತ್ತದೆ ಎನ್ನುವ ಅಧ್ಯಯನಗಳಿಗೆ ಈಗ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದು ಆಕ್ಷೇಪದ ಮುಂದೆ ತಡವರಿಸುತ್ತವೆ. ಮರಗಳಿರುವ ಬಡಾವಣೆಯಲ್ಲಿ ಮನೆ ಮಾಡುವುದು ಉಳ್ಳವರಿಗೆ, ಓದಿದವರಿಗೆ ಸುಲಭ. ಅಂಥವರ ನೆನಪಿನ ಶಕ್ತಿ ಎಪ್ಪತ್ತೈದರಲ್ಲೂ ಗಟ್ಟಿಯಾಗಿದ್ದರೆ ಅದಕ್ಕೆ ಮರ ಕಾರಣವೋ, ಮೊದಲಿನಿಂದ ಬಂದ ಅನುಕೂಲ ಕಾರಣವೋ? ಇದನ್ನು ಬಿಡಿಸಿ ನೋಡಬೇಕಾದರೆ ಆ ಹಿರಿಯರು ಮಕ್ಕಳಾಗಿದ್ದಾಗ ಅವರ ಬುದ್ಧಿಶಕ್ತಿ ಎಷ್ಟಿತ್ತು ಎಂಬುದು ಗೊತ್ತಿರಬೇಕು. ಅಂದಿನಿಂದ ಇಂದಿನವರೆಗೆ ಅವರು ಯಾವ ಯಾವ ಮನೆಗಳಲ್ಲಿದ್ದರು, ಆ ಮನೆಗಳ ಸುತ್ತ ಆಗ ಎಷ್ಟು ಹಸಿರಿತ್ತು ಎಂಬ ಲೆಕ್ಕವೂ ಬೇಕು. ಇಷ್ಟೂ ಒಟ್ಟಿಗೆ ಸಿಕ್ಕ ಅಪರೂಪದ ಊರು ಸ್ಕಾಟ್ಲೆಂಡಿನ ಎಡಿನ್‌ಬರ್ಗ್. ಮಾರ್ಕ್ ಚೆರ್ರಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಲ್ಲಿನ ಅಧ್ಯಯನವನ್ನೇ ಇಲ್ಲಿ ಪ್ರಕರಣವಾಗಿ ತೆಗೆದುಕೊಂಡಿದ್ದೇನೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಂಗತಿ ಇದು: ಎಪ್ಪತ್ತಾರರ ಮಿದುಳಿಗೆ ನೆರವಾದಂತೆ ತೋರುವ ಹಸಿರಿನ ಲೆಕ್ಕ ಬಾಲ್ಯದ ಮನೆಯಿಂದಲೇ ಶುರುವಾಗುತ್ತದೆ.

1947ರ ಒಂದು ಬುಧವಾರ

1947ರ ಜೂನ್ 4. ಸ್ಕಾಟ್ಲೆಂಡಿನ ಉದ್ದಗಲಕ್ಕೂ ಶಾಲೆಗಳಲ್ಲಿ, 1936ರಲ್ಲಿ ಹುಟ್ಟಿದ ಮಕ್ಕಳ ಮುಂದೆ ಒಂದೇ ಪ್ರಶ್ನೆಪತ್ರಿಕೆ ಇಡಲಾಯಿತು. ಅದರ ಹೆಸರು ಮೋರೆ ಹೌಸ್ ಪರೀಕ್ಷೆ, ಸಂಖ್ಯೆ 12. ಅವಧಿ 45 ನಿಮಿಷ. ಹೇಳಿದಂತೆ ಗುರುತು ಹಾಕುವುದು, ವಿರುದ್ಧಾರ್ಥದ ಪದ ಹುಡುಕುವುದು, ಗುಂಪಿಗೆ ಸೇರದ ಪದವನ್ನು ಹೊರತೆಗೆಯುವುದು, ಗಾದೆಯ ಅರ್ಥ ಹೇಳುವುದು, ಸಣ್ಣ ಲೆಕ್ಕ ಮಾಡುವುದು, ಗುಪ್ತಲಿಪಿಯನ್ನು ಬಿಡಿಸುವುದು, ಹೀಗೆ ಬಗೆಬಗೆಯ ಪ್ರಶ್ನೆಗಳು. ಆ ದಿನ 70,805 ಮಕ್ಕಳು ಅದನ್ನು ಬರೆದರು. ದೇಶವೊಂದು ಒಂದೇ ವರ್ಷದಲ್ಲಿ ಹುಟ್ಟಿದ ತನ್ನ ಹೆಚ್ಚುಕಡಿಮೆ ಎಲ್ಲ ಮಕ್ಕಳ ಬುದ್ಧಿಶಕ್ತಿಯನ್ನು ಒಂದೇ ದಿನ ಅಳೆದ ಪ್ರಸಂಗ ಇದು. ಇಂಥದೇ ಸಮೀಕ್ಷೆ 1932ರಲ್ಲಿ, 1921ರಲ್ಲಿ ಹುಟ್ಟಿದವರಿಗಾಗಿ ನಡೆದಿತ್ತು. ಎರಡನೆಯ ಸಲ ನಡೆಸಿದ್ದಕ್ಕೆ ಕಾರಣ, ಜನರ ಸರಾಸರಿ ಬುದ್ಧಿಮಟ್ಟ ತಲೆಮಾರಿನಿಂದ ತಲೆಮಾರಿಗೆ ಕುಸಿಯುತ್ತಿದೆಯೇನೋ ಎಂಬ ಆಗಿನ ಆತಂಕ. ಫಲಿತಾಂಶ ಅದಕ್ಕೆ ವಿರುದ್ಧವಾಗಿತ್ತು. ಸರಾಸರಿ ಅಂಕ ಸ್ವಲ್ಪ ಏರಿತ್ತು. ಆತಂಕ ಕರಗಿತು, ಅಂಕಗಳ ದಫ್ತರಗಳು ಕಪಾಟು ಸೇರಿದವು.

ಅರ್ಧ ಶತಮಾನದ ನಂತರ, 1990ರ ದಶಕದ ಕೊನೆಯಲ್ಲಿ, ಇಯಾನ್ ಡಿಯರಿ ಮತ್ತು ಲಾರೆನ್ಸ್ ವಾಲಿ ಎಂಬ ಸಂಶೋಧಕರು ಆ ದಫ್ತರಗಳ ಬೆಲೆಯನ್ನು ಅರಿತರು. 1947ರಲ್ಲಿ ಪರೀಕ್ಷೆ ಬರೆದು, ಈಗಲೂ ಎಡಿನ್‌ಬರ್ಗ್‌ನ ಆಸುಪಾಸಿನಲ್ಲೇ ಇರುವವರನ್ನು ಹುಡುಕುವ ಕೆಲಸ ನಡೆಯಿತು. 2004ರಿಂದ 2007ರ ನಡುವೆ 1,091 ಮಂದಿ ಒಪ್ಪಿ ಬಂದರು. ಆಗ ಅವರಿಗೆ ಎಪ್ಪತ್ತರ ಸುಮಾರು. ಹನ್ನೊಂದರಲ್ಲಿ ಬರೆದಿದ್ದ ಅದೇ ಪರೀಕ್ಷೆಯನ್ನು ಎಪ್ಪತ್ತರಲ್ಲಿ ಮತ್ತೆ ಬರೆದರು. ಅಲ್ಲಿಂದ ಮುಂದೆ ಮೂರು ಮೂರು ವರ್ಷಕ್ಕೊಮ್ಮೆ ತಪಾಸಣೆ. ಎಪ್ಪತ್ಮೂರರಿಂದ ಮಿದುಳಿನ ಎಂಆರ್‌ಐ ಚಿತ್ರಗಳೂ ಸೇರಿಕೊಂಡವು. ಈ ಗುಂಪಿಗೆ 'ಲೋಥಿಯನ್ ಬರ್ತ್ ಕೋಹಾರ್ಟ್ 1936' ಎಂದು ಹೆಸರು.

ಈ ಗುಂಪು ಕಲಿಸಿದ ಮೊದಲ ಪಾಠವನ್ನು ಇಲ್ಲೇ ಹೇಳಿಬಿಡಬೇಕು. ಮುಪ್ಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅರಿವಿನ ಸಾಮರ್ಥ್ಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟು ಅವರಿಗೆ ಹನ್ನೊಂದು ವರ್ಷವಾಗಿದ್ದಾಗಲೇ ಇತ್ತು. ಆದ್ದರಿಂದ ಬಾಲ್ಯದ ಅಂಕವಿಲ್ಲದೆ ಎಪ್ಪತ್ತರ ಅಂಕವನ್ನು ಮಾತ್ರ ನೋಡಿ 'ಇದು ಉದ್ಯಾನದ ಫಲ, ಇದು ಆಹಾರದ ಫಲ' ಎನ್ನುವ ಯಾವ ಮಾತನ್ನೂ ಅನುಮಾನದಿಂದ ಕೇಳಬೇಕು. ಉಳಿದ ಅರ್ಧ ಏಕೆ ಬದಲಾಯಿತು ಎಂಬುದೇ ನಿಜವಾದ ಪ್ರಶ್ನೆ.

ವಿಳಾಸಗಳ ಜಾಡು

ಎಪ್ಪತ್ತೆಂಟು ವರ್ಷದವರ ಕೈಗೆ ಒಂದು ಹಾಳೆ ಕೊಟ್ಟು, ಹುಟ್ಟಿದಾಗಿನಿಂದ ನೀವಿದ್ದ ಮನೆಗಳ ವಿಳಾಸ ಬರೆಯಿರಿ ಎಂದರೆ ಯಾರಾದರೂ ತಬ್ಬಿಬ್ಬಾಗುತ್ತಾರೆ. ಅದಕ್ಕೇ ಸಂಶೋಧಕರು ಬದುಕಿನ ಕೋಷ್ಟಕವೊಂದನ್ನು ಬಳಸಿದರು. ದಶಕಗಳ ಸಾಲು ಒಂದು ಕಡೆ. ಮದುವೆ, ಮಗು, ಕೆಲಸದ ಬದಲಾವಣೆ, ಇಡೀ ಊರಿಗೆ ನೆನಪಿರುವ ದೊಡ್ಡ ಘಟನೆಗಳು ಇನ್ನೊಂದು ಕಡೆ. ಮನೆಯ ವಿಳಾಸ ತಾನಾಗಿ ನೆನಪಿಗೆ ಬರದಿದ್ದರೂ, ಮೊದಲ ಮಗು ಹುಟ್ಟಿದಾಗ ಯಾವ ಬೀದಿಯಲ್ಲಿದ್ದೆವು ಎಂದು ಕೇಳಿಕೊಂಡರೆ ಬರುತ್ತದೆ. ಹೀಗೆ ಒಂದೊಂದು ಬದುಕಿನ ವಿಳಾಸಗಳನ್ನೂ ಸಾಲಾಗಿ ಕೂಡಿಸಿದರು.

ನಂತರ ನಕ್ಷೆಗಳ ಕೆಲಸ. 1949, 1969 ಮತ್ತು 2009, ಈ ಮೂರು ಕಾಲಘಟ್ಟಗಳಲ್ಲಿ ನಗರದ ಸಾರ್ವಜನಿಕ ಉದ್ಯಾನಗಳು ಎಲ್ಲೆಲ್ಲಿದ್ದವು ಎಂದು ಗುರುತಿಸಿದರು. ಪ್ರತಿ ಮನೆಯ ಸುತ್ತ 1500 ಮೀಟರ್ ವ್ಯಾಪ್ತಿಯಲ್ಲಿ ಶೇಕಡಾ ಎಷ್ಟು ಜಾಗ ಉದ್ಯಾನವಾಗಿತ್ತು ಎಂದು ಬಾಲ್ಯ, ವಯಸ್ಕ ಜೀವನ, ಇಳಿವಯಸ್ಸು ಎಂಬ ಮೂರು ಹಂತಗಳಿಗೆ ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ವಿಳಾಸ, ನಕ್ಷೆ, ಪರೀಕ್ಷೆಯ ಅಂಕ ಎಲ್ಲವೂ ಕೂಡಿಬಂದವರು ಕೊನೆಗೆ 281 ಮಂದಿ.

ಇಲ್ಲಿ ಊರಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಎಡಿನ್‌ಬರ್ಗ್‌ನಲ್ಲಿ ಹಸಿರು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ನಗರದ ನಡುವೆಯೇ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡವನ್ನು ಒಳಗೊಂಡ ಹಾಲಿರೂಡ್ ಪಾರ್ಕ್ ಇದೆ. ದಕ್ಷಿಣಕ್ಕೆ, ಹಿಂದೆ ಕೆರೆಯಾಗಿದ್ದ ಜಾಗದಲ್ಲಿ ಮೆಡೋಸ್ ಎಂಬ ವಿಶಾಲ ಬಯಲಿದೆ. ಅಲ್ಲಿ ಕಟ್ಟಡ ಏಳಬಾರದೆಂದು 1827ರಲ್ಲೇ ಸಂಸತ್ತಿನ ಕಾಯ್ದೆಯಾಯಿತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ಅಂದರೆ ನಮ್ಮ 1936ರ ಮಕ್ಕಳು ಚಿಕ್ಕವರಿದ್ದಾಗ, ಅದರ ಭಾಗಗಳು ತರಕಾರಿ ಪಾತಿಗಳಾಗಿದ್ದವು. ಶ್ರೀಮಂತರ ನ್ಯೂ ಟೌನ್‌ನಲ್ಲಿ ಸೊಗಸಾದ ತೋಟಗಳಿವೆ, ಆದರೆ ಅವುಗಳಲ್ಲಿ ಹಲವಕ್ಕೆ ಬೀಗವಿದೆ. ಕೀಲಿ ಸುತ್ತಲಿನ ಮನೆಯವರ ಬಳಿ ಮಾತ್ರ. ಇತ್ತ ಓಲ್ಡ್ ಟೌನ್‌ನ ಕಿಕ್ಕಿರಿದ ಬಹುಮಹಡಿ ವಸತಿಗಳ ನಡುವೆ ಗಾಳಿ ಬೆಳಕಿಗೂ ತತ್ವಾರ. ಜೀವವಿಜ್ಞಾನಿಯೂ ನಗರಯೋಜಕನೂ ಆಗಿದ್ದ ಪ್ಯಾಟ್ರಿಕ್ ಗೆಡ್ಡೆಸ್ 1887ರಲ್ಲಿ ಹೆಂಡತಿಯೊಂದಿಗೆ ಅಲ್ಲಿಗೇ ಹೋಗಿ ಮನೆ ಮಾಡಿ, ಸಂದಿಗೊಂದಿಯ ಖಾಲಿ ನಿವೇಶನಗಳನ್ನು ಪುಟ್ಟ ತೋಟಗಳಾಗಿ ಮಾಡುವ ಕೆಲಸಕ್ಕೆ ಕೈಹಾಕಿದ. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದ ಗೆಡ್ಡೆಸ್ ಇವನೇ.

ಅಧ್ಯಯನ ಎಣಿಸಿದ್ದು ಸಾರ್ವಜನಿಕ ಉದ್ಯಾನಗಳನ್ನು. ಈ ಆಯ್ಕೆ ಸರಿಯಾದದ್ದು ಎಂದು ನನಗನಿಸುತ್ತದೆ. ಉಪಗ್ರಹದ ಚಿತ್ರದಲ್ಲಿ ಬೀಗ ಹಾಕಿದ ತೋಟವೂ ಹಸಿರಾಗಿಯೇ ಕಾಣುತ್ತದೆ, ಆದರೆ ಬೀಗದ ಹೊರಗಿನ ಮಗುವಿಗೆ ಅಲ್ಲಿ ಓಡಾಡಲು ಆಗುವುದಿಲ್ಲ.

ಕಂಡದ್ದೇನು

ಎಪ್ಪತ್ತರಿಂದ ಎಪ್ಪತ್ತಾರರವರೆಗಿನ ಆರು ವರ್ಷಗಳಲ್ಲಿ ಪರೀಕ್ಷೆಯ ಅಂಕ ಹೇಗೆ ಬದಲಾಯಿತು ಎಂಬುದರಲ್ಲಿ ಉದ್ಯಾನದ ಗುರುತು ಕಾಣಿಸಿತು. ಬಾಲ್ಯದ ಮನೆಯ ಸುತ್ತ ಇದ್ದ ಉದ್ಯಾನ, ವಯಸ್ಕರಾದ ಮೇಲಿನ ಮನೆಯ ಸುತ್ತ ಇದ್ದ ಉದ್ಯಾನ, ಇವೆರಡನ್ನೂ ಸೇರಿಸಿ ನೋಡಿದಾಗಲೇ ಆ ಬದಲಾವಣೆ ಚೆನ್ನಾಗಿ ವಿವರವಾಗುತ್ತಿತ್ತು. ಹೆಚ್ಚು ಉದ್ಯಾನದ ನಡುವೆ ಬದುಕಿ ಬಂದವರಲ್ಲಿ ಇಳಿತ ನಿಧಾನವಾಗಿತ್ತು.

ಈ ನಂಟು ಮೂರು ಗುಂಪುಗಳಲ್ಲಿ ಹೆಚ್ಚು ಬಲವಾಗಿತ್ತು. ಒಂದು, ಹೆಂಗಸರಲ್ಲಿ. ಎರಡು, ಎಪಿಒಇ ಇ4 ಎಂಬ ವಂಶವಾಹಿ ರೂಪ ಇಲ್ಲದವರಲ್ಲಿ. ಇದು ಆಲ್ಝೈಮರ್ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ವಂಶವಾಹಿ. ಮೂರು, ಆರ್ಥಿಕ ಸಾಮಾಜಿಕ ಏಣಿಯ ಕೆಳಗಿನ ಮೆಟ್ಟಿಲಲ್ಲಿದ್ದವರಲ್ಲಿ.

ಮೂರನೆಯದರ ಮೇಲೆ ನಾನು ಬೆರಳಿಟ್ಟು ಹೇಳಬೇಕು. 'ಉಳ್ಳವರೇ ಹಸಿರಿರುವಲ್ಲಿ ಇರುತ್ತಾರೆ, ಅದಕ್ಕೇ ಅವರ ಮಿದುಳು ಚೆನ್ನಾಗಿರುತ್ತದೆ' ಎಂಬ ಆಕ್ಷೇಪವೇ ಪೂರ್ತಿ ನಿಜವಾಗಿದ್ದರೆ, ಬಡವರನ್ನಷ್ಟೇ ಪ್ರತ್ಯೇಕವಾಗಿ ನೋಡಿದಾಗ ಆ ನಂಟು ಮಸುಕಾಗಬೇಕಿತ್ತು. ಇಲ್ಲಿ ಅದು ಇನ್ನಷ್ಟು ಗಾಢವಾಯಿತು. ಇದಕ್ಕೆ ಹೊಂದುವ ವಿವರಣೆಯೂ ಕಷ್ಟದ್ದೇನಲ್ಲ. ಸ್ವಂತ ತೋಟ, ರಜೆಯಲ್ಲಿ ಹಳ್ಳಿಗೋ ಸಮುದ್ರದ ದಂಡೆಗೋ ಹೋಗುವ ಅನುಕೂಲ, ಮನೆಯೊಳಗೇ ಸಾಕಷ್ಟು ಜಾಗ ಇದ್ದವರಿಗೆ ಬೀದಿಯ ಕೊನೆಯ ಉದ್ಯಾನ ಹತ್ತರಲ್ಲಿ ಹನ್ನೊಂದನೆಯದು. ಎರಡು ಕೋಣೆಯಲ್ಲಿ ಇಡೀ ಕುಟುಂಬ ಬದುಕುವಲ್ಲಿ ಅದೊಂದೇ ಬಯಲು.

ವಂಶವಾಹಿಯ ವಿಚಾರ ಅಷ್ಟು ಸಮಾಧಾನದ್ದಲ್ಲ. ಯಾರಿಗೆ ಅಪಾಯ ಹೆಚ್ಚೋ ಅವರಿಗೇ ಉದ್ಯಾನದ ನೆರವು ಕಡಿಮೆ ಎಂದಂತಾಯಿತು. ಆದರೆ 281 ಮಂದಿಯನ್ನು ಹೀಗೆ ಹೋಳು ಮಾಡಿದಾಗ ಒಂದೊಂದು ಹೋಳಿನಲ್ಲಿ ಉಳಿಯುವ ಸಂಖ್ಯೆ ತೀರ ಚಿಕ್ಕದು. ಇ4 ಇರುವವರಿಗೆ ಹಸಿರು ಉಪಯೋಗವಿಲ್ಲ ಎಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ.

ಬೇರೆ ಕಾರಣಗಳು ಇರಬಹುದೇ

ಇದೇ ಗುಂಪಿನ ಮೇಲೆ ನಡೆದ ಇತರ ಅಧ್ಯಯನಗಳು ಇಲ್ಲಿ ನೆರವಿಗೆ ಬರುತ್ತವೆ. ಎಡಿನ್‌ಬರ್ಗ್ ಕಲ್ಲಿದ್ದಲ ಹೊಗೆಗೆ ಹೆಸರಾದ ಊರು. ಬ್ರಿಟನ್ನಿನಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂದದ್ದು 1956ರಲ್ಲಿ. 1935ರಿಂದಲೇ ಗಾಳಿಯ ಸೂಕ್ಷ್ಮ ಕಣಗಳ ಮಟ್ಟವನ್ನು ಮಾದರಿಯ ಮೂಲಕ ಅಂದಾಜು ಮಾಡಿದ 2021ರ ಅಧ್ಯಯನವೊಂದು, ಹುಟ್ಟುವ ಹೊತ್ತಿನ ಮಾಲಿನ್ಯಕ್ಕೂ ಹನ್ನೊಂದರಿಂದ ಎಪ್ಪತ್ತರವರೆಗಿನ ಬುದ್ಧಿಶಕ್ತಿಯ ಬದಲಾವಣೆಗೂ ಸಣ್ಣದೊಂದು ನಂಟನ್ನು ತೋರಿಸಿತು. ಉದ್ಯಾನವಿರುವಲ್ಲಿ ಒಲೆಗಳೂ ಚಿಮಣಿಗಳೂ ಕಡಿಮೆ. ಹಾಗಾದರೆ ನಾವು ಹಸಿರಿನ ಲಾಭ ಎಂದುಕೊಂಡಿದ್ದರಲ್ಲಿ ಒಂದಿಷ್ಟು ಹೊಗೆಯಿಲ್ಲದ್ದರ ಲಾಭವಿರಬಹುದು.

ಚೆರ್ರಿ ಮತ್ತು ಸಂಗಡಿಗರೇ 2019ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮನೆಯ ಸುತ್ತ ವೃತ್ತ ಎಳೆಯುವ ಬದಲು ಮಕ್ಕಳು ಓಡಾಡಿರಬಹುದಾದ ಪ್ರದೇಶವನ್ನು, ಮನೆ ಮತ್ತು ಶಾಲೆಯನ್ನು ಆಧಾರವಾಗಿಟ್ಟುಕೊಂಡು ಅಂದಾಜು ಮಾಡಿದರು. ಹದಿಹರೆಯದಲ್ಲಿ ಉದ್ಯಾನ ಹತ್ತಿರವಿದ್ದದ್ದರ ಲಾಭ ಇಳಿವಯಸ್ಸಿನಲ್ಲಿ ಕಂಡದ್ದು ರಸ್ತೆ ಅಪಘಾತ ಕಡಿಮೆ ಇದ್ದ ಕಡೆಗಳಲ್ಲಿ. ಅಪಾಯದ ರಸ್ತೆ ದಾಟಿ ಹೋಗಬೇಕಾದ ಉದ್ಯಾನಕ್ಕೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಉದ್ಯಾನವನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಡತಗಳಲ್ಲಿ ನೋಡುವ ಎಲ್ಲ ನಗರಾಡಳಿತಗಳೂ ಈ ಒಂದು ಫಲಿತಾಂಶವನ್ನು ಮೇಜಿನ ಮೇಲಿಟ್ಟುಕೊಳ್ಳಬೇಕು.

ಹಸಿರು ಮಿದುಳನ್ನು ಮುಟ್ಟುವ ದಾರಿಗಳು ಒಂದಕ್ಕಿಂತ ಹೆಚ್ಚು. ನಡಿಗೆ ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಆಧಾರವಿರುವುದು. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ ಮೂರು ದಿನ ನಲವತ್ತು ನಿಮಿಷದ ನಡಿಗೆಯ ಮಟ್ಟಕ್ಕೆ ಬಂದವರಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಒಂದು ವರ್ಷದಲ್ಲಿ ಶೇ 2ರಷ್ಟು ಹಿಗ್ಗಿತು. ಕೈಕಾಲು ಚಾಚುವ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಶೇ 1.4ರಷ್ಟು ಕುಗ್ಗಿತು. ನೆರೆಯವರೊಂದಿಗೆ ಮಾತುಕತೆ, ಮನಸ್ಸಿನ ಒತ್ತಡ ಇಳಿಯುವುದು, ಗದ್ದಲ ಮತ್ತು ಬಿಸಿಲು ತಗ್ಗುವುದು ಉಳಿದ ದಾರಿಗಳು. ಮರೆಗುಳಿತನ ತಡೆಯುವ ಬಗ್ಗೆ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ, ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಹೆಸರಿಸಿ, ಸುಮಾರು ಶೇ 45ರಷ್ಟು ಪ್ರಕರಣಗಳು ಅವುಗಳಿಗೆ ಸೇರಿದವು ಎಂದಿತು. ಆ ಪಟ್ಟಿಯಲ್ಲಿ ಉದ್ಯಾನ ಎಂಬ ಮಾತಿಲ್ಲ. ಆದರೆ ಜಡ ಜೀವನ, ಖಿನ್ನತೆ, ಒಂಟಿತನ, ವಾಯುಮಾಲಿನ್ಯ, ಅಧಿಕ ರಕ್ತದೊತ್ತಡ, ಬೊಜ್ಜು, ಮಧುಮೇಹ ಇವೆ. ಒಂದು ಒಳ್ಳೆಯ ಉದ್ಯಾನ ಇವುಗಳಲ್ಲಿ ಎಷ್ಟನ್ನು ಮುಟ್ಟುತ್ತದೆ ಎಂದು ಓದುಗರೇ ಎಣಿಸಿಕೊಳ್ಳಬಹುದು.

ಎಡಿನ್‌ಬರ್ಗ್‌ನಲ್ಲೇ ನಡೆದ ಇನ್ನೊಂದು ಪ್ರಯೋಗ ಆ ಕ್ಷಣದ ಮಿದುಳನ್ನು ನೋಡಲು ಹೊರಟಿತು. ಅರವತ್ತೈದು ದಾಟಿದ 95 ಮಂದಿ ಅದರಲ್ಲಿದ್ದರು. ತಲೆಗೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಹಗುರವಾದ ಇಇಜಿ ಪಟ್ಟಿ. ಅದರಲ್ಲಿ ಉಪ್ಪುನೀರಿನಲ್ಲಿ ನೆನೆಸಿದ 14 ಸಂವೇದಕಗಳು. ಅದನ್ನು ತೊಟ್ಟು ತಮ್ಮ ತಮ್ಮ ವೇಗದಲ್ಲಿ ಸುಮಾರು ಹದಿನೈದು ನಿಮಿಷ ನಡೆಯಬೇಕು. ವಾಹನ ತುಂಬಿದ ಅಂಗಡಿ ಬೀದಿ, ಮನೆಗಳಿರುವ ಶಾಂತ ಬೀದಿ, ಸಾರ್ವಜನಿಕ ಉದ್ಯಾನ, ಈ ಮೂರರಲ್ಲಿ ಎರಡರ ಜೋಡಿ ಒಬ್ಬೊಬ್ಬರಿಗೆ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗದ್ದಲದ ಬೀದಿಯಲ್ಲಿ ಉದ್ರೇಕದ ಸೂಚ್ಯಂಕ ಏರಿತು, ಉದ್ಯಾನದಲ್ಲಿ ತೊಡಗಿಕೊಳ್ಳುವಿಕೆಯ ಸೂಚ್ಯಂಕ ಏರಿತು. ಮೊದಲು ಎಲ್ಲಿ ನಡೆದರು ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಸೂಚ್ಯಂಕಗಳು ಆ ಯಂತ್ರದ ಜೊತೆಗೆ ಬಂದ ತಂತ್ರಾಂಶದವು. ಆದ್ದರಿಂದ ಅವುಗಳಿಗೆ ಹೆಚ್ಚು ಅರ್ಥ ಹೊರಿಸಲಾರೆ. ಆದರೂ ಉದ್ಯಾನದಲ್ಲಿ ಹಿರಿಯರ ಮಿದುಳು ಮಂಕಾಗಿ ವಿಶ್ರಮಿಸುತ್ತಿರಲಿಲ್ಲ, ಸುತ್ತಲಿನದರಲ್ಲಿ ತೊಡಗಿತ್ತು ಎಂಬ ಸುಳಿವು ನನಗೆ ಬೆಲೆಯುಳ್ಳದ್ದಾಗಿ ಕಂಡಿದೆ.

ಈ ಪ್ರಕರಣದ ಮಿತಿಗಳು

281 ಸಣ್ಣ ಸಂಖ್ಯೆ. ಒಂದೇ ಊರು, ಒಂದೇ ವರ್ಷ ಹುಟ್ಟಿದವರು. ಎಪ್ಪತ್ತೆಂಟರವರೆಗೆ ಬದುಕಿ, ಹಳೆಯ ವಿಳಾಸಗಳನ್ನು ನೆನಪಿಸಿಕೊಂಡು ಬರೆಯುವಷ್ಟು ಚೆನ್ನಾಗಿದ್ದವರು ಮಾತ್ರ ಲೆಕ್ಕಕ್ಕೆ ಸಿಕ್ಕಿದ್ದಾರೆ. ಬೇಗ ತೀರಿಹೋದವರು, ನೆನಪು ಪೂರ್ತಿ ಕಳೆದುಕೊಂಡವರು ಇದರಲ್ಲಿಲ್ಲ. ಉದ್ಯಾನ ಹತ್ತಿರವಿತ್ತು ಎಂಬುದು ಗೊತ್ತು, ಅಲ್ಲಿಗೆ ಹೋಗುತ್ತಿದ್ದರೇ ಎಂಬುದು ಗೊತ್ತಿಲ್ಲ. ಉದ್ಯಾನದಲ್ಲಿ ಮರವಿತ್ತೋ, ಬರೀ ಹುಲ್ಲಿತ್ತೋ ಎಂಬುದೂ ಶೇಕಡಾವಾರು ಅಂಕಿಯಲ್ಲಿ ಕಾಣುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ: ಆಸ್ಟ್ರೇಲಿಯಾದ ಮೂರು ನಗರಗಳಲ್ಲಿ ನಲವತ್ತೈದು ದಾಟಿದ 46,786 ಮಂದಿಯನ್ನು ಗಮನಿಸಿದ 2019ರ ಅಧ್ಯಯನದಲ್ಲಿ, ಮನಸ್ಸಿನ ಯಾತನೆಯ ಸಾಧ್ಯತೆ ತಗ್ಗಿದ್ದು ಮರಗಳ ಹಂದರ ಶೇ 30 ದಾಟಿದ ನೆರೆಹೊರೆಗಳಲ್ಲಿ, ಬರಿಯ ಹುಲ್ಲಿನಿಂದ ಆ ಲಾಭ ಕಾಣಲಿಲ್ಲ.

ಹೀಗಿದ್ದೂ ಎಡಿನ್‌ಬರ್ಗ್‌ನ ಫಲಿತಾಂಶ ಒಂಟಿಯಾಗಿಲ್ಲ. ಮೂಲತಃ ಲಂಡನ್ನಿನ ಸರ್ಕಾರಿ ನೌಕರರನ್ನು ಆಯ್ದುಕೊಂಡ 'ವೈಟ್‌ಹಾಲ್ 2' ಗುಂಪಿನ 6,506 ಮಂದಿಯನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವೂ 2018ರಲ್ಲೇ ಬಂತು. ಮನೆಯ ಸುತ್ತ ಹಸಿರು ಹೆಚ್ಚಿದ್ದವರಲ್ಲಿ ಅರಿವಿನ ಸಾಮರ್ಥ್ಯದ ಇಳಿತ ಶೇ 4.6ರಷ್ಟು ನಿಧಾನವಾಗಿತ್ತು. ಅಲ್ಲಿಯೂ ಹೆಂಗಸರಲ್ಲೇ ನಂಟು ಬಲವಾಗಿತ್ತು. ಶೇ 4.6 ಒಬ್ಬ ವ್ಯಕ್ತಿಯ ಮಟ್ಟಿಗೆ ಕಣ್ಣಿಗೆ ಕಾಣುವಂಥದ್ದಲ್ಲ, ಯಾವ ವೈದ್ಯರೂ ತಮ್ಮ ಮುಂದೆ ಕುಳಿತವರಲ್ಲಿ ಅದನ್ನು ಗುರುತಿಸಲಾರರು. ಇಡೀ ನಗರಕ್ಕೆ ಹರಡಿದಾಗ ಅದರ ತೂಕವೇ ಬೇರೆ.

ಪ್ರಕರಣದಿಂದ ಏನು ಮಾಡಬೇಕು

ಉದ್ಯಾನದ ವೆಚ್ಚವನ್ನು ಐದು ವರ್ಷದ ಯೋಜನೆಯ ಲೆಕ್ಕದಲ್ಲಿ ತೂಗಿದರೆ ಅದು ಸೋಲುತ್ತದೆ. ಅದರ ಫಲದ ಒಂದು ಪಾಲು ಅರವತ್ತು ವರ್ಷದ ನಂತರ ಬರುತ್ತದೆ ಎಂದು ಈ ಪ್ರಕರಣ ಸೂಚಿಸುತ್ತದೆ. 1827ರ ಕಾಯ್ದೆ ಮಾಡಿದವರು ಮಿದುಳಿನ ಆರೋಗ್ಯವನ್ನು ಯೋಚಿಸಿರಲಾರರು. ಆದರೆ ಆ ಬಯಲು ಅಂದು ನಿವೇಶನಗಳಾಗಿದ್ದರೆ 1936ರ ಮಕ್ಕಳಿಗೆ ಅದು ಸಿಗುತ್ತಿರಲಿಲ್ಲ. ಹಾಗಾಗಿ ಇರುವ ಸಾರ್ವಜನಿಕ ಬಯಲನ್ನು ಬೇರೆ ಉಪಯೋಗಕ್ಕೆ ಕೊಡುವ ಪ್ರತಿ ನಿರ್ಧಾರದಲ್ಲೂ ಆ ಸುತ್ತಿನ ಮಕ್ಕಳ ಮುಪ್ಪನ್ನೂ ಒಂದು ಬಾಬತ್ತಾಗಿ ಸೇರಿಸಬೇಕೆಂದು ನಾನು ವಾದಿಸುತ್ತೇನೆ. ಹೊಸದಾಗಿ ಉದ್ಯಾನ ಮಾಡುವುದಾದರೆ ಮೊದಲ ಸರದಿ ಬಡ ಬಡಾವಣೆಗಳದು.

ಈಗಾಗಲೇ ಎಪ್ಪತ್ತು ದಾಟಿದವರಿಗೆ 'ನಿಮ್ಮ ಬಾಲ್ಯ ಮುಗಿಯಿತು, ಇನ್ನೇನೂ ಇಲ್ಲ' ಎಂದು ಇದರ ಅರ್ಥವಲ್ಲ. ನಡಿಗೆಯ ಪ್ರಯೋಗದಲ್ಲಿ ಲಾಭ ಕಂಡವರೆಲ್ಲ ಹಿರಿಯರೇ. ಅವರ ಮಟ್ಟಿಗೆ ಪ್ರಶ್ನೆ ಬದಲಾಗುತ್ತದೆ: ಉದ್ಯಾನವನ್ನು ತಲುಪಲು, ಅಲ್ಲಿ ಉಳಿಯಲು ಆಗುತ್ತದೆಯೇ? 1500 ಮೀಟರ್ ಎಂಬುದು ಹುಡುಗನಿಗೆ ಆಟ, ಮಂಡಿನೋವಿರುವ ಎಪ್ಪತ್ತೆಂಟರ ಹೆಂಗಸಿಗೆ ದೊಡ್ಡ ಪ್ರಯಾಣ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಸೂಚಿಸಿರುವ ಅಳತೆ ಇನ್ನೂ ಹತ್ತಿರದ್ದು: ಮನೆಯಿಂದ 300 ಮೀಟರ್ ಒಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್ ಹಸಿರು. ಆ 300 ಮೀಟರಿನಲ್ಲಿ ಕಾಲುದಾರಿ ಸಮನಾಗಿರಬೇಕು, ರಸ್ತೆ ದಾಟುವಲ್ಲಿ ನಿಧಾನವಾಗಿ ನಡೆಯುವವರಿಗೂ ಸಾಕಾಗುವಷ್ಟು ಹೊತ್ತು ಹಸಿರು ದೀಪವಿರಬೇಕು, ನಡುವೆ ಕೂರಲು ಬೆಂಚು ಬೇಕು. ಬೆಂಚಿಗೆ ಬೆನ್ನೊರಗೂ ಏಳುವಾಗ ಊರಿಕೊಳ್ಳಲು ಕೈಯಾಸರೆಯೂ ಇರಬೇಕು; ಅವಿಲ್ಲದ ಕಲ್ಲುಹಾಸಿನ ಮೇಲೆ ಕೂತ ಹಿರಿಯರಿಗೆ ಮತ್ತೆ ಏಳುವುದೇ ಕಷ್ಟ. ಉದ್ಯಾನದಲ್ಲಿ ಶೌಚಾಲಯವಿಲ್ಲದಿದ್ದರೆ ಅನೇಕರು ಮನೆಯಿಂದ ಹೊರಡುವುದೇ ಇಲ್ಲ. ಇವುಗಳ ಖರ್ಚು ಹೊಸ ಉದ್ಯಾನದ ಖರ್ಚಿನ ಒಂದು ಸಣ್ಣ ಪಾಲು, ಮತ್ತು ಇವಕ್ಕಾಗಿ ಅರವತ್ತು ವರ್ಷ ಕಾಯಬೇಕಾಗಿಲ್ಲ.